ಮೂರು ಸಲ ಕೆಳಗಿಟ್ಟ ತಂಬಿಗೆ

“ಅಮ್ಮಾರ, ಮಾತು ಬರದ ಕೂಸಿಗೆ ಏನಾಗೇತಿ ಅಂತ ನಾವು ತಿಳಿಯೂದು ಹ್ಯಾಂಗ್ರಿ?”

ಕೇಳಿದವಳು ದಾಕ್ಷಾಯಿಣಿ. ನರ್ಸಿಂಗ್ ಓದು ಮುಗಿಸಿ ಎಂಟು ತಿಂಗಳಾಗಿತ್ತು. ನಾಳೆ ಬೆಳಿಗ್ಗೆಯಿಂದ ಮಕ್ಕಳ ವಾರ್ಡಿನ ಹೊಣೆ ಅವಳೊಬ್ಬಳ ಮೇಲೆ ಬೀಳುವುದಿತ್ತು. ಹನ್ನೆರಡು ಹಾಸಿಗೆ, ಹನ್ನೆರಡು ಮಕ್ಕಳು. ಒಂದು ಮಗುವಿನ ವಿಷಯದಲ್ಲಿ ಕಣ್ಣು ತಪ್ಪಿದರೂ ಅದು ಒಂದು ಜೀವದ ಮಾತು. ಎರಡು ದಿನದಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕೇಳಿಸಿಕೊಂಡವರು ಎಸ್ತೇರಮ್ಮ. ಅವರು ನಲವತ್ತು ವರ್ಷ ನರ್ಸುಗಳಿಗೆ ಪಾಠ ಹೇಳಿ, ಈಗ ಮನೆಯಲ್ಲಿ ಮಲ್ಲಿಗೆ ಬಳ್ಳಿ ನೋಡಿಕೊಂಡಿದ್ದರು.

“ಅದು ಆಮ್ಯಾಲೆ. ನೀ ಹೆಂಗದೀ, ಅದನ್ನ ಮೊದಲು ಹೇಳು” ಅಂದರು.

“ಆರಾಮ ಅದೀನ್ರಿ ಅಮ್ಮಾರ.”

“ಹೊಸ ಗಡಿಯಾರ ಕಟ್ಟೀಯಲ್ಲ. ತಾ, ನೋಡೂಣು.”

ದಾಕ್ಷಾಯಿಣಿ ಎಡಗೈ ಚಾಚಿದಳು. ಎಸ್ತೇರಮ್ಮ ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಗಡಿಯಾರವನ್ನು ಬಹಳ ಹೊತ್ತು ನೋಡಿದರು. ವಯಸ್ಸಾದವರಿಗೆ ಹೊಸ ವಸ್ತು ಕಂಡರೆ ಹೀಗೇ ಎಂದುಕೊಂಡಳು ಅವಳು.

“ಛಲೋ ಐತಿ. ಸೆಕೆಂಡಿನ ಮುಳ್ಳು ದೊಡ್ಡದೈತಿ” ಅಂದರು ಎಸ್ತೇರಮ್ಮ. ಕೈಯನ್ನು ಮಾತ್ರ ಬಿಡಲಿಲ್ಲ. ಹಾಗೇ ಕತೆ ಶುರು ಮಾಡಿದರು. ಪಾಠಕ್ಕೆ ಕೂತರೆ ಅವರ ಮಾತು ತಾನಾಗಿ ಪುಸ್ತಕದ ಕನ್ನಡಕ್ಕೆ ಹೊರಳುತ್ತಿತ್ತು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಇದ್ದಳು. ಜಾಣೆ. ಅವಳು ಸೂಜಿ ಚುಚ್ಚಿದ್ದು ಮಕ್ಕಳಿಗೆ ಗೊತ್ತಾಗುವ ಹೊತ್ತಿಗೆ ಹತ್ತಿ ಒತ್ತಿ ಆಗಿರುತ್ತಿತ್ತು. ಅವಳು ಹಾಸಿದ ಹಾಸಿಗೆಯ ಮೇಲೆ ಮಲಗಲು ರೋಗಿಗಳೇ ಹಿಂದೆಮುಂದೆ ನೋಡುತ್ತಿದ್ದರು. ಅಷ್ಟು ಅಚ್ಚುಕಟ್ಟು. ಆದರೆ ಅವಳಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಅವಳೊಬ್ಬಳದೇ ಅಲ್ಲ, ನಮ್ಮ ಇಡೀ ನರ್ಸು ಕುಲದ್ದು ಅನ್ನು. ಜ್ವರವನ್ನು ಅಳೆದು ಬರೆಯುತ್ತಿದ್ದಳು. ನಾಡಿಯನ್ನು ಹಿಡಿದು ಬರೆಯುತ್ತಿದ್ದಳು. ಉಸಿರನ್ನು ಮಾತ್ರ ಎಣಿಸದೆ ಬರೆಯುತ್ತಿದ್ದಳು. ನಿಮಿಷಕ್ಕೆ ಇಪ್ಪತ್ತು. ಮುದುಕನಿಗೂ ಇಪ್ಪತ್ತು, ಬಾಣಂತಿಗೂ ಇಪ್ಪತ್ತು. ಮನುಷ್ಯ ಉಸಿರಾಡುವುದು ಕಣ್ಣಿಗೆ ಕಾಣುತ್ತಲೇ ಇದೆ, ಅದನ್ನು ಎಣಿಸುವುದೇನು ಬಂತು? ನಗಬೇಡ. ನಾನೂ ಹಾಗೆ ಬರೆದವಳೇ, ನೀನೂ ಬರೆದಿರುತ್ತೀಯ.

ಅವಳ ವಾರ್ಡಿಗೆ ಒಬ್ಬ ಪೈಲ್ವಾನ ಬಂದ. ಬಂಡಿ ಮಗುಚಿ ಅವನ ತೊಡೆಯ ಮೂಳೆ ಮುರಿದಿತ್ತು. ಡಾಕ್ಟರು ಆಪರೇಷನ್ ಮಾಡಿ, ಒಳಗೆ ಸಲಾಕೆ ಕೂಡಿಸಿ ಹೊಲಿದರು. ಪೈಲ್ವಾನ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಹೇಗಿದ್ದೀ ಎಂದು ಯಾರು ಕೇಳಿದರೂ ಒಂದೇ ಉತ್ತರ, ಆರಾಮ. ನಮ್ಮ ಕಡೆಯ ಜನವೇ ಹಾಗೆ. ಚಳಿಜ್ವರದಲ್ಲಿ ನಡುಗುತ್ತಿದ್ದರೂ ಎದುರಿಗೆ ಬಂದವರಿಗೆ ಆರಾಮ ಅನ್ನುತ್ತಾರೆ. ಕೇಳಿದವರ ಮುಖ ಬಾಡಬಾರದು, ಅಷ್ಟೇ. ಇನ್ನು ಪೈಲ್ವಾನನಾದರೆ ಹೇಳುವುದೇ ಬೇಡ.

ಅವನ ತಾಯಿ ದಿನಾ ಬೆಳಿಗ್ಗೆ ಒಂದು ತಂಬಿಗೆ ಹಾಲು ತರುತ್ತಿದ್ದಳು. ಅವನು ತಂಬಿಗೆಯನ್ನು ಎತ್ತಿದರೆ ಬರಿದಾದ ಮೇಲೆಯೇ ಇಳಿಸುತ್ತಿದ್ದ. ಗರಡಿಯಲ್ಲಿ ಕಲಿತ ಪದ್ಧತಿ. ವಾರ್ಡಿನವರೆಲ್ಲ ಅದನ್ನು ನೋಡಲು ಕಾಯುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಹೇಗಿದ್ದೀ ಎಂದು ಕೇಳಿದರು. ಆರಾಮ ಅದೀನ್ರಿ ಅಂದ. ನರ್ಸು ಬರೆದಿಟ್ಟ ಚೀಟಿ ನೋಡಿದರು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಸಂತೋಷಪಟ್ಟು ಮುಂದಿನ ವಾರ್ಡಿಗೆ ಹೋದರು. ನರ್ಸಿಗೆ ಆ ದಿನ ಕೆಲಸ ತಲೆಯ ಮೇಲಿತ್ತು. ಹಾಗಾಗಿ ಸಂಜೆಯವರೆಗಿನ ಇಪ್ಪತ್ತುಗಳನ್ನೂ ಬೆಳಿಗ್ಗೆಯೇ ಬರೆದಿಟ್ಟಳು. ನಾಡಿ ಮಾತ್ರ ನೂರಹದಿನೈದು ಇತ್ತು. ನೋವಿಗೆ ಏರಿದೆ ಅಂದುಕೊಂಡಳು. ಒಂದು ಅಂಕಿಗೆ ಒಂದು ನೆಪ ಸಿಕ್ಕರೆ ನಾವು ಇನ್ನೊಂದು ಕಾರಣ ಹುಡುಕುವುದಿಲ್ಲ.

ಸ್ವಲ್ಪ ಹೊತ್ತಿಗೆ ತಾಯಿ ಬಂದು ನರ್ಸಿನ ಮೇಜಿನ ಮುಂದೆ ನಿಂತಳು.

“ಯವ್ವಾ, ನನ್ನ ಮಗ ಇವತ್ತ ತಂಬಿಗಿ ಮೂರು ಸಲ ಕೆಳಗಿಟ್ಟ” ಅಂದಳು.

ನರ್ಸಿಗೆ ನಗು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡಳು. “ಅವನೇ ಆರಾಮ ಅದೀನಿ ಅಂದಾನಲ್ಲಬೇ” ಅಂದಳು.

“ಅವ ಕಾಲು ಮುರಕೊಂಡು ಬಂಡಿ ಕೆಳಗ ಬಿದ್ದಾಗನೂ ಆರಾಮ ಅಂದಿದ್ದ” ಅಂದಳು ತಾಯಿ.

ನರ್ಸು ಪೆನ್ನು ಕೆಳಗಿಟ್ಟು ಎದ್ದಳು. ಇದನ್ನು ನಾನು ಅವಳ ಲೆಕ್ಕಕ್ಕೆ ಪುಣ್ಯ ಎಂದೇ ಹಾಕುತ್ತೇನೆ. ಎಷ್ಟೋ ಜನ ಏಳುವುದೇ ಇಲ್ಲ.

ಹೋಗಿ ಪೈಲ್ವಾನನ ಮುಂದೆ ನಿಂತು, ನಿನ್ನ ಉಸಿರು ಎಣಿಸುತ್ತೇನೆ ಅಂದಳು. ಅಷ್ಟು ಅಂದದ್ದೇ ತಪ್ಪಾಯಿತು. ಅವನು ಎದೆ ಉಬ್ಬಿಸಿದ. ಉದ್ದಕ್ಕೆ ಎಳೆದ, ಉದ್ದಕ್ಕೆ ಬಿಟ್ಟ. ಪೈಲ್ವಾನನ ಎದೆ ಅವನು ಹೇಳಿದ ಹಾಗೆ ಕೇಳುತ್ತದೆ. ನಿಮಿಷಕ್ಕೆ ಹದಿನೆಂಟು ಬಂತು. ತಾನು ಬರೆದದ್ದಕ್ಕಿಂತ ಎರಡು ಕಡಿಮೆಯೇ ಇದೆಯಲ್ಲ ಎಂದು ನರ್ಸು ಸಮಾಧಾನದಿಂದ ತಿರುಗಿದಳು. ಆಗ ಬೆನ್ನ ಹಿಂದೆ ಅವನು ಬಿಟ್ಟ ಉಸಿರು ಕೇಳಿಸಿತು. ಹೊತ್ತ ಮೂಟೆ ಇಳಿಸಿದವರು ಬಿಡುವಂಥ ಉಸಿರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವಳಿಗೆ ಮೊದಲ ವರ್ಷದ ಪಾಠ ನೆನಪಾಯಿತು. ಎಣಿಸುತ್ತಾರೆ ಎಂದು ಗೊತ್ತಾದರೆ ಉಸಿರು ವೇಷ ಹಾಕುತ್ತದೆ. ಅದಕ್ಕೇ ನಾಡಿ ನೋಡುವವರ ಹಾಗೆ ಮುಂಗೈ ಹಿಡಿಯಬೇಕು. ನಾಡಿ ಎಣಿಸಿ ಮುಗಿದ ಮೇಲೂ ಬೆರಳು ತೆಗೆಯಬಾರದು. ಕೈ ಅವರ ಕೈಯ ಮೇಲಿರಬೇಕು, ಕಣ್ಣು ಎದೆಯ ಮೇಲೆ. ಬಾಯಿ ಬಿಡಬಾರದು.

ಅವಳು ಮರಳಿ ಬಂದಳು. ನಾಡಿ ನೋಡೋದು ಮರೆತೆ, ಕೈ ಕೊಡು ಅಂದಳು. ಹಿಡಿದುಕೊಂಡು ಸುಮ್ಮನೆ ನಿಂತಳು. ಪೈಲ್ವಾನ ಅವಳನ್ನು ಮರೆತು ಕಿಟಕಿಯ ಕಡೆ ನೋಡತೊಡಗಿದ. ಒಂದು ಪೂರ್ತಿ ನಿಮಿಷ ಎಣಿಸಿದಳು.

ಮೂವತ್ತಾರು.

ಆಮೇಲೆ ಅವಳು ಕಣ್ಣು ಬಿಟ್ಟು ನೋಡಿದಳು. ಅಲ್ಲಿಯವರೆಗೆ ನೋಡಿರಲೇ ಇಲ್ಲ. ಕಂಕುಳ ಹತ್ತಿರ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ತುಟಿಯ ಬಣ್ಣ ಸರಿಯಿಲ್ಲ. ಇವತ್ತು ಯಾವ ವಾರ ಎಂದು ಕೇಳಿದರೆ ಅವನು ತಡವರಿಸಿದ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರ ಆಗ ಇನ್ನೂ ಬಂದಿರಲಿಲ್ಲ. ಅವಳು ಇದ್ದ ನಾಲ್ಕು ಸಂಗತಿಗಳನ್ನು ಜೋಡಿಸಿದಳು. ದೊಡ್ಡ ಮೂಳೆ ಮುರಿದಿದೆ, ಮೂರನೆಯ ದಿನ, ಉಸಿರು ಏರಿದೆ, ಚುಕ್ಕೆ ಎದ್ದಿವೆ. ಅವನ ತಲೆಯ ಕಡೆ ಎತ್ತರಿಸಿ ಆಮ್ಲಜನಕ ಹಚ್ಚಿದಳು. ತಾಯಿಯನ್ನು ಅವನ ಪಕ್ಕದಲ್ಲಿ ಕೂರಿಸಿ ತಾನೇ ಓಡಿ ಡಾಕ್ಟರನ್ನು ಕರೆತಂದಳು. ಮೂಳೆಯೊಳಗಿನ ಕೊಬ್ಬು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗಿದೆ, ಸಂಜೆಯವರೆಗೆ ಬಿಟ್ಟಿದ್ದರೆ ಕೈ ಮೀರುತ್ತಿತ್ತು ಅಂದರು ಡಾಕ್ಟರು.

ಸಂಜೆಯವರೆಗಿನ ಇಪ್ಪತ್ತುಗಳು ಚೀಟಿಯಲ್ಲಿ ಸಾಲಾಗಿ ಕೂತಿದ್ದವು. ಅವಳು ಅವನ್ನು ಅಳಿಸಲಿಲ್ಲ. ಒಂದೊಂದರ ಮೇಲೂ ಒಂದೊಂದು ಗೆರೆ ಎಳೆದು, ಎಣಿಸದೆ ಬರೆದದ್ದು ಎಂದು ಪಕ್ಕದಲ್ಲಿ ಬರೆದು, ಸಹಿ ಮಾಡಿ, ಹಿರಿಯ ಸಿಸ್ಟರಿಗೆ ತೋರಿಸಿದಳು. ಬೈಗುಳ ತಿಂದಳು. ಅತ್ತಳು. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಗೆರೆಗಳು.

ಎರಡು ವಾರ ಹಿಡಿಯಿತು, ಪೈಲ್ವಾನ ಚೇತರಿಸಿಕೊಂಡ. ಊರಿಗೆ ಹೊರಡುವ ದಿನ ನರ್ಸು ಹೇಗಿದ್ದೀ ಎಂದು ಕೇಳಿದಳು. ಆರಾಮ ಅಂದ. ಅವಳು ಮುಂಗೈ ಹಿಡಿದಳು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ಬೆಳಿಗ್ಗೆ ಅವನು ತಂಬಿಗೆಯನ್ನು ಒಂದೇ ಸಲ ಎತ್ತಿ ಒಂದೇ ಸಲ ಇಳಿಸಿದ್ದನ್ನು ತಾಯಿ ನೋಡಿದ್ದಳು.

ಎಸ್ತೇರಮ್ಮ ಕತೆ ನಿಲ್ಲಿಸಿದರು. ದಾಕ್ಷಾಯಿಣಿ ತಲೆ ತಗ್ಗಿಸಿ ಯೋಚಿಸುತ್ತಿದ್ದಳು. ಆಮೇಲೆ ತನಗೆ ತಾನೇ ಹೇಳಿಕೊಂಡ ಹಾಗೆ ನಿಧಾನವಾಗಿ ಮಾತಾಡಿದಳು.

“ದಮ್ಮು ಹತ್ತಿದ ಕೂಸೂ ಹಂಗ ಅಲ್ರಿ? ಮೊಲಿ ಬಿಟ್ಟು ಬಿಟ್ಟು ಕುಡೀತದ. ನಮಗ ಗೊತ್ತಾಗೂಕಿಂತ ಮೊದಲ ಅವರವ್ವಗ ಗೊತ್ತಾಗಿರತದ.”

“ಹೌದು. ಅಕಿನ್ನ ಕೇಳು. ಕೇಳಿ ಸುಮ್ಮನಾಗಬ್ಯಾಡ, ಕೂಸಿನ ಹೊಟ್ಟಿ ಮ್ಯಾಲೆ ಕಣ್ಣಿಟ್ಟು ಪೂರಾ ಒಂದು ನಿಮಿಷ ಎಣಸು” ಅಂದರು ಎಸ್ತೇರಮ್ಮ.

ಅವಳು ತಲೆಯಾಡಿಸಿದಳು. ನಾಳೆ ಮೊದಲು ಯಾವ ಹಾಸಿಗೆಯ ಹತ್ತಿರ ಹೋಗಬೇಕು, ಯಾವ ತಾಯಿಯನ್ನು ಏನು ಕೇಳಬೇಕು ಎಂದು ಮನಸ್ಸಿನಲ್ಲೇ ವಾರ್ಡು ಸುತ್ತತೊಡಗಿದಳು. ಸುತ್ತುತ್ತ ಹೋದಂತೆ ಹನ್ನೆರಡು ಹಾಸಿಗೆ ಅವಳಿಗೆ ಅಷ್ಟು ಹೆಚ್ಚೆನಿಸಲಿಲ್ಲ. ಹಸಿವೆಯೂ ಆಯಿತು. ಎಸ್ತೇರಮ್ಮ ಮತ್ತೆ ಗಡಿಯಾರದ ಕಡೆ ನೋಡುತ್ತ ಮಾತಿಲ್ಲದೆ ಕೂತಿದ್ದರು. ಹೊತ್ತಾಯಿತು ಅನ್ನುವುದರ ಸೂಚನೆ ಇರಬೇಕು ಎಂದು ದಾಕ್ಷಾಯಿಣಿ ಏಳಲು ಹೋದಳು.

ಏಳಲಾಗಲಿಲ್ಲ. ಕೆಳಗೆ ನೋಡಿದಳು. ಎಸ್ತೇರಮ್ಮನ ಮೂರು ಬೆರಳು ಆಗಿನಿಂದಲೂ ಅವಳ ಮುಂಗೈಯ ನಾಡಿಯ ಮೇಲೆಯೇ ಇದ್ದವು.

“ಬಂದಾಗ ಆರಾಮ ಅಂದೆಲ್ಲ ತಂಗಿ, ಆಗ ನಿನ್ನ ಉಸಿರು ಇಪ್ಪತ್ತೆಂಟು ಇತ್ತು, ಈಗ ಹದಿನಾರು ಐತಿ, ಇನ್ನ ಹೋಗು.”