ಚೀಲದಲ್ಲಿದ್ದ ನಾಮಫಲಕ

ಸಾಂಬಾರ ಪದಾರ್ಥಗಳ ಅಂತರರಾಷ್ಟ್ರೀಯ ವ್ಯಾಪಾರ ಸಂಘಟನೆಯ ಸದಸ್ಯತ್ವಕ್ಕಾಗಿ ಒಂದು ಪುಟ್ಟ ದ್ವೀಪದೇಶ ಹತ್ತೊಂಬತ್ತು ವರ್ಷ ಕಾಯಿತು. ಪ್ರತಿ ಸಭೆಗೂ ಅದರ ಗುಮಾಸ್ತ ದೇಶದ ಹೆಸರು ಬರೆದ ಫಲಕವನ್ನು ಚೀಲದಲ್ಲಿ ತರುತ್ತಿದ್ದ. ತನ್ನ ರಾಯಭಾರಿಯ ಜೊತೆ ಹಿಂದಿನ ಬೆಂಚಿನಲ್ಲಿ ಕೂತು, ಹಾಗೇ ವಾಪಸ್ ಒಯ್ಯುತ್ತಿದ್ದ. ಮೇಜಿನ ಮೇಲೆ ಫಲಕ ಇಡುವ ಹಕ್ಕು ಸದಸ್ಯರಿಗೆ ಮಾತ್ರ.

ಈ ಸಲ ಅಧ್ಯಕ್ಷರು ಗುಮಾಸ್ತನನ್ನು ಕರೆದರು. "ನೋಡಪ್ಪಾ, ಹೋದ ವರ್ಷ ನಿಯಮಕ್ಕೆ ತಿದ್ದುಪಡಿ ತಂದಿದ್ದೇವೆ. ನಿಮ್ಮ ಸಂಸತ್ತು ಅದನ್ನು ಒಪ್ಪಿದ ಪತ್ರ ಕೊಡಿ. ಆಮೇಲೆ ಸದಸ್ಯತ್ವ."

"ಆಗಲಿ ಸ್ವಾಮಿ. ನಮಗೆ ಅನುಭವ ಸಾಲದು. ನಿಮ್ಮ ದೇಶ ಒಪ್ಪಿದ ಪತ್ರದ ಪ್ರತಿ ಕೊಟ್ಟರೆ, ನೋಡಿಕೊಂಡು ಬರೆಸುತ್ತೇವೆ."

ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿ ಕಡತ ನೋಡಿದರು.

"ನಮ್ಮದು... ಇನ್ನೂ ಪರಿಶೀಲನೆಯಲ್ಲಿದೆ," ಎಂದರು ಅಧ್ಯಕ್ಷರು.

"ಬೇರೆ ಸದಸ್ಯರದ್ದಾದರೂ ಆದೀತು ಸ್ವಾಮಿ."

ಸದಸ್ಯರೆಲ್ಲ ಒಟ್ಟಿಗೇ ಕಾಫಿ ಕುಡಿಯತೊಡಗಿದರು. ಪತ್ರವಿಲ್ಲದವರು ಸದಸ್ಯರಲ್ಲ ಎಂದಾದರೆ ಮೇಜೇ ಖಾಲಿಯಾಗುತ್ತಿತ್ತು. ಅಧ್ಯಕ್ಷರು ಷರತ್ತು ಕೈಬಿಟ್ಟರು.

ಗುಮಾಸ್ತ ಫಲಕವನ್ನು ಒರೆಸಿ ಮೇಜಿನ ಮೇಲಿಟ್ಟ. ರಾಯಭಾರಿ ಅದರ ಹಿಂದೆ ಕೂತರು. ಗುಮಾಸ್ತರಿಗೆ ಮೇಜಿನಲ್ಲಿ ಜಾಗವಿಲ್ಲ ಎಂಬ ನಿಯಮಕ್ಕೆ ಇನ್ನೂ ತಿದ್ದುಪಡಿಯಾಗಿರಲಿಲ್ಲ. ಅವನು ಖಾಲಿ ಚೀಲ ಹಿಡಿದು ಬೆಂಚಿಗೆ ಮರಳಿದ. ಅಲ್ಲಿಂದ ಫಲಕದ ಬೆನ್ನಷ್ಟೇ ಕಾಣುತ್ತಿತ್ತು. ಸಭೆ ಮುಗಿಯುವವರೆಗೂ ಅದನ್ನೇ ನೋಡುತ್ತ ಕೂತ.