ಒಂದೇ ಪ್ಲಗ್ಗಿನ ವೇದಿಕೆ

ಸಂಘದ ಅಧ್ಯಕ್ಷ ಧರಣೇಂದ್ರಯ್ಯನವರ ಬಾಯಿ ಮುಚ್ಚಿಸದೆಯೇ ಫೋಟೋಗ್ರಾಫರ್ ಷಡಕ್ಷರಿ ಅವರ ಉದ್ದುದ್ದ ಭಾಷಣದಿಂದ ಸಭಿಕರನ್ನು ಹೇಗೆ ಕಾಪಾಡಿದ, ಊಹಿಸಿ ನೋಡೋಣ! ಹಾರ ಹಾಕುವವರ ಸಾಲು ಮುಗಿಯುವಷ್ಟರಲ್ಲೇ ಅವನ ಕ್ಯಾಮೆರಾದ ಬ್ಯಾಟರಿ ಖಾಲಿಯಾಗಿತ್ತು.

"ನನ್ನ ಭಾಷಣ ಮುಗಿಯೋವರೆಗೂ ಫೋಟೋ ತೆಗೀತಾನೇ ಇರಬೇಕು ಕಣಯ್ಯ. ನಿಲ್ಲಿಸಿದರೆ ಇನ್ನು ಸಂಘದ ಕಡೆ ತಲೆ ಹಾಕಬೇಡ!" ಎಂದು ಅಧ್ಯಕ್ಷರು ಗುಡುಗಿದರು.

ಷಡಕ್ಷರಿ ಚೀಲದಿಂದ ಕ್ಯಾಮೆರಾದ ಅಡಾಪ್ಟರ್ ತೆಗೆದ. ಚೀಲದಲ್ಲಿ ಅದರ ಪಕ್ಕದಲ್ಲೇ ಇದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನು ಮಾತ್ರ ತೆಗೆಯಲಿಲ್ಲ.

"ಕರೆಂಟಿಗೆ ಸಿಕ್ಕಿಸಿದರೆ ಸಂಜೆವರೆಗೂ ತೆಗೀತೀನಿ ಸಾರ್. ಆದರೆ ಇಲ್ಲಿರೋದು ಒಂದೇ ಪ್ಲಗ್ಗು, ಅದರಲ್ಲಿ ಮೈಕಿದೆ. ಯಾವುದಿರಲಿ?"

ಅಧ್ಯಕ್ಷರು ಮೈಕ್ ನೋಡಿದರು, ಕ್ಯಾಮೆರಾ ನೋಡಿದರು, ಶಾಲು ಸರಿಮಾಡಿಕೊಂಡರು.

"ಮೈಕ್ ಕಿತ್ತುಹಾಕು!"

ಆಮೇಲೆ ಕೈ ಬೀಸಿ ಬೀಸಿ ಮಾತಾಡಿದರು. ಒಂದಕ್ಷರವೂ ಕೇಳದ ಸಭೆ ಹಾಯಾಗಿ ಹರಟಿತು, ಕೊನೆಗೆ ಮನಸಾರೆ ಚಪ್ಪಾಳೆ ತಟ್ಟಿತು.

"ಇಂಥ ಚಪ್ಪಾಳೆ ಎಂದೂ ಬಿದ್ದಿರಲಿಲ್ಲ ಕಣಯ್ಯ! ಇನ್ನು ಎಲ್ಲಾ ಸಭೆಗೂ ನೀನೇ ಬಾ," ಎಂದು ಅಧ್ಯಕ್ಷರು ಷಡಕ್ಷರಿಯ ಬೆನ್ನು ತಟ್ಟಿದರು.

ಅಂದು 2011ರ ನವೆಂಬರ್ ಹದಿಮೂರು, ಭಾನುವಾರ.