ಬೊಮ್ಮರಸ ಕುಡಿಯದ ಒಂದು ಚೆಂಬು ನೀರು

ಮರಳುಹೊಳೆಯ ಸೀಮೆಯಲ್ಲಿ ಬೊಮ್ಮರಸನಷ್ಟು ದೊಡ್ಡ ಬಾವಿ ಯಾರಿಗೂ ಇರಲಿಲ್ಲ; ಅವನಷ್ಟು ದೊಡ್ಡ ಬಾಯಿಯೂ ಯಾರಿಗೂ ಇರಲಿಲ್ಲ. ದೊರೆ ಮುದ್ದುವೀರ ನಾಯಕನ ರಾಣಿಗೆ ಅವನು ಅಣ್ಣ. ಅದೊಂದನ್ನು ಬಿಟ್ಟರೆ ಬೇರೆ ಯೋಗ್ಯತೆಯನ್ನು ಅವನಲ್ಲಿ ಕಂಡವರಿಲ್ಲ.

ಆ ವರ್ಷ ಬೇಸಿಗೆಗೆ ಮುಂಚೆ ಅವನು ಹೊಳೆದಂಡೆಯ ಹೊಲದಲ್ಲಿ ಎಂಬತ್ತು ಮೊಳ ಆಳದ ಬಾವಿ ತೋಡಿಸಿದ. ಎಂಟು ಜೋಡಿ ಎತ್ತು ಕಟ್ಟಿ, ಎಂಟು ಕಪಿಲೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರೆತ್ತಿಸಿ ಕಬ್ಬಿಗೆ ಹರಿಸಿದ. ತಿಂಗಳೊಳಗೆ ಸುತ್ತಲಿನ ಬಾವಿಗಳೆಲ್ಲ ತಳ ಕಂಡವು. ಎಲ್ಲಕ್ಕಿಂತ ಮೊದಲು ಬತ್ತಿದ್ದು ಪಕ್ಕದ ಹೊಲದ ಸಾಕವ್ವನ ಬಾವಿ. ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಬೆಳೆಸಿದ ಎಲೆತೋಟ ಅವಳದು. ಇನ್ನು ಹತ್ತು ದಿನ ನೀರು ಕಾಣದಿದ್ದರೆ ಬಳ್ಳಿ ಬುಡಸಮೇತ ಸಾಯುತ್ತಿತ್ತು. ಅವಳು ಅರಮನೆಗೆ ಬಂದು ದೂರು ಕೊಟ್ಟಳು.

ಬೊಮ್ಮರಸ ಮೀಸೆ ತಿರುವಿದ. "ಎರಡು ಬಾವಿಗೂ ನಡುವೆ ಇಪ್ಪತ್ತು ಮಾರು ಗಟ್ಟಿ ನೆಲವಿದೆ, ಪ್ರಭು. ಅವಳ ಬಾವಿಯ ಒಂದು ಹನಿಯೂ ನನ್ನ ಬಾವಿಗೆ ಬರುವುದಿಲ್ಲ. ಅದು ಬತ್ತಿದ್ದು ಅವಳ ಹಣೆಬರಹ."

ಆಸ್ಥಾನದ ಪಂಡಿತರು ಹೌದೌದು ಎಂದು ತಲೆದೂಗಿದರು. ಅವರಲ್ಲಿ ಒಬ್ಬನೂ ಹಗ್ಗ ಹಿಡಿದು ಒಂದು ಕೊಡ ನೀರು ಸೇದಿದವನಲ್ಲ. ರಾಣಿಯ ಅಣ್ಣ ಹೇಳಿದರೆ ಹೊಳೆಯೂ ಗುಡ್ಡ ಹತ್ತುತ್ತದೆ ಎನ್ನುವ ಜನ.

ಗುರುಮಲ್ಲನಿಗೆ ಮೈಯೆಲ್ಲ ಉರಿಯಿತು. ಅವನು ಆನೆಲಾಯ ನೋಡಿಕೊಳ್ಳುವ ಅಧಿಕಾರಿ. ಮಾತಿನಲ್ಲಿ ಚುರುಕು, ದೊರೆಗೆ ಅಚ್ಚುಮೆಚ್ಚು. ಆದರೂ ರಾಣಿಯ ತವರಿನವನನ್ನು ಎದುರಿಗೇ ಸುಳ್ಳುಗಾರ ಎನ್ನುವಷ್ಟು ದಡ್ಡನಲ್ಲ. ಸೀಮೆಯ ಹಳೆಯ ಪದ್ಧತಿಯೊಂದನ್ನು ಅವನು ದೊರೆಗೆ ನೆನಪಿಸಿದ. ಬಾವಿಯ ಬಗ್ಗೆ ಸಾಕ್ಷಿ ನುಡಿದವನು ಅದೇ ಬಾವಿಯ ಕಟ್ಟೆಯ ಮೇಲೆ ನಿಂತು, ಹತ್ತು ಜನರೆದುರು ಒಂದು ಚೆಂಬು ನೀರು ಕುಡಿಯಬೇಕು. ಕುಡಿಯದಿದ್ದರೆ ಮಾತು ಸುಳ್ಳು. ಒಂದು ಚೆಂಬೇಕೆ, ಒಂದು ಕೊಡ ಕುಡಿಯುತ್ತೇನೆ ಎಂದು ನಕ್ಕು ಬೊಮ್ಮರಸ ಮನೆಗೆ ಹೋದ. ಸೋಮವಾರ ಬೆಳಿಗ್ಗೆ ಎಂದು ದಿನ ಗೊತ್ತುಮಾಡಿದರು.

ಅವನು ಆಚೆ ಹೋದ ಮೇಲೆ ಗುರುಮಲ್ಲ ದೊರೆಯಲ್ಲಿ ಇನ್ನೊಂದು ಬೇಡಿಕೆ ಇಟ್ಟ. ಆನೆಲಾಯದ ಲದ್ದಿ, ಗಂಜಲ ಸುರಿಯಲು ಗುಂಡಿ ಇಲ್ಲ. ಸಾಕವ್ವನ ಬಾವಿ ಹೇಗೂ ಬತ್ತಿದೆ, ಅದನ್ನು ಲಾಯಕ್ಕೆ ಕೊಡಿಸಬೇಕು. ಪಕ್ಕದಲ್ಲೇ ಭಾವನ ಬಾವಿ ಇದೆಯಲ್ಲ ಎಂದು ದೊರೆ ಅನುಮಾನಿಸಿದ. ನಡುವೆ ಗಟ್ಟಿ ನೆಲವಿದೆ ಎಂದು ಅವರೇ ಹೇಳಿದ್ದಾರಲ್ಲ ಎಂದ ಗುರುಮಲ್ಲ. ದೊರೆ ಅವನ ಮುಖವನ್ನು ಒಂದು ಗಳಿಗೆ ನೋಡಿ ಅಪ್ಪಣೆಪತ್ರಕ್ಕೆ ಮುದ್ರೆ ಒತ್ತಿದ.

ಸುದ್ದಿ ಕೇಳಿ ಸಾಕವ್ವ ಲಾಯದ ಬಾಗಿಲಿಗೇ ಬಂದಳು. "ನೀರು ಕಸ್ಕೊಂಡೋನು ಒಬ್ಬ, ಲದ್ದಿ ತುಂಬೋನು ಇನ್ನೊಬ್ಬ. ನಿಮ್ಮ ಮನೆ ಉದ್ಧಾರ ಆಗ್ಲಿ ಸ್ವಾಮಿ," ಎಂದಳು. ಗುರುಮಲ್ಲನಿಗೆ ನಾಚಿಕೆಯಾಯಿತು, ನೋವೂ ಆಯಿತು. ಆದರೆ ಈಗ ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ಬೊಮ್ಮರಸನ ಕಿವಿಗೆ ಬೀಳುತ್ತದೆ ಎಂದು ಬೈಗುಳ ನುಂಗಿಕೊಂಡ.

ಸೋಮವಾರ ದೊರೆ, ಪಂಡಿತರು, ಊರ ಜನ ಎಲ್ಲ ಬೊಮ್ಮರಸನ ಬಾವಿಕಟ್ಟೆಯಲ್ಲಿ ಸೇರಿದರು. ಸಾಕವ್ವನ ಬಾವಿಯ ಮೇಲೆ ತೆಂಗಿನ ಗರಿ ಮುಚ್ಚಿತ್ತು. ಅದರ ಸುತ್ತ ಲದ್ದಿ ಗಾಡಿಗಳು ನಿಂತು ಗಬ್ಬು ನಾರುತ್ತಿದ್ದವು. ಏನಿದೆಲ್ಲ ಎಂದು ಬೊಮ್ಮರಸ ಕೇಳಿದ. ದೊರೆಯ ಅಪ್ಪಣೆಯಾಗಿದೆ, ಆ ಬಾವಿ ಈಗ ಲಾಯದ ಲದ್ದಿಗುಂಡಿ ಎಂದು ಗುರುಮಲ್ಲ ವಿನಯದಿಂದ ತಿಳಿಸಿ, ಬೊಮ್ಮರಸನ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಚೆಂಬಿನಲ್ಲಿ ಅವನ ಕೈಗಿಟ್ಟ.

ಬೊಮ್ಮರಸನ ಮುಖ ಹುಳ್ಳಗಾಯಿತು. ಚೆಂಬನ್ನು ತುಟಿಯವರೆಗೆ ತಂದು, ಮೂಸಿ, ಕೆಳಗಿಳಿಸಿದ.

"ಕುಡಿಯಿರಿ ಭಾವ," ಎಂದ ದೊರೆ.

"ಹೇಗೆ ಕುಡಿಯಲಿ? ಅಲ್ಲಿ ಸುರಿದದ್ದೆಲ್ಲ ಇಲ್ಲಿಗೇ ಬಂದು ಸೇರುತ್ತದೆ. ಅವಳ ಬಾವಿಯ ಸೆಲೆಯೇ ನನ್ನ ಬಾವಿಯ ಸೆಲೆ. ತೋಡಿಸಿದವನು ನಾನು, ನನಗೆ ಗೊತ್ತಿಲ್ಲವೇ?"

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಜನ ಕಿಸಕ್ಕನೆ ನಕ್ಕರು. ಪಂಡಿತರು ಹೌದೌದು ಎನ್ನಲು ಬಾಯಿ ತೆರೆದು, ಯಾವುದಕ್ಕೆ ಎನ್ನಬೇಕೆಂದು ತಿಳಿಯದೆ ಮುಚ್ಚಿಕೊಂಡರು.

ದೊರೆ ಅಲ್ಲೇ ತೀರ್ಪು ಕೊಟ್ಟ. ಆರು ಕಪಿಲೆಗಳನ್ನು ಈಗಲೇ ಬಿಚ್ಚಬೇಕು. ಉಳಿದ ಎರಡರಲ್ಲಿ ಒಂದರ ನೀರು, ಸಾಕವ್ವನ ಬಾವಿ ತುಂಬುವವರೆಗೆ, ಅವಳ ಎಲೆತೋಟಕ್ಕೆ. ಇನ್ನು ಮುಂದೆ ನೆರೆಹೊರೆಯವರ ಒಪ್ಪಿಗೆಯಿಲ್ಲದೆ ಹೊಳೆದಂಡೆಯಲ್ಲಿ ಯಾರೂ ಬಾವಿ ತೋಡಕೂಡದು. ಆಮೇಲೆ ಗುರುಮಲ್ಲನ ಕಡೆ ತಿರುಗಿ, ಲದ್ದಿ ತುಂಬಿದ ಬಾವಿಯನ್ನು ತೊಳೆಯುವವರು ಯಾರಪ್ಪ ಎಂದು ಕೇಳಿದ.

ಗುರುಮಲ್ಲ ತೆಂಗಿನ ಗರಿ ಸರಿಸಿದ. "ಒಂದು ಬುಟ್ಟಿಯನ್ನೂ ಸುರಿದಿಲ್ಲ, ಪ್ರಭು. ಲದ್ದಿ ಎಲ್ಲ ಗಾಡಿಯಲ್ಲೇ ಇದೆ. ಹೊಲಸು ಇದ್ದದ್ದು ಇವರ ಹೊಟ್ಟೆಯೊಳಗೆ. ಅದನ್ನು ಇವರೇ ಕಕ್ಕಿದರು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ತಾನು ಹೊದ್ದಿದ್ದ ಶಾಲನ್ನು ಅವನಿಗೆ ಹೊದಿಸಿದ. ನೀರು ಶುದ್ಧವಾಗಿದೆ ಎಂದು ತಿಳಿದದ್ದೇ ಬೊಮ್ಮರಸ, ಹೋದ ಮಾನ ಬಂದೀತೆಂದು, ಚೆಂಬೆತ್ತಿ ಕುಡಿಯಲು ಹೊರಟ. ಸಾಕವ್ವ ಗುಂಪನ್ನು ಸೀಳಿಕೊಂಡು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ನಿಂತಲ್ಲೇ, ಒಂದು ಹನಿ ಬಿಡದಂತೆ, ಗಟಗಟನೆ ಕುಡಿದಳು.

"ನಮ್ ಬಾವಿ ನೀರೇ ಬುದ್ದಿ," ಎಂದು ದೊರೆಗೆ ಹೇಳಿದಳು. "ಇಪ್ಪತ್ತು ವರ್ಷ ಕುಡ್ದಿದೀನಿ, ರುಚಿ ಗೊತ್ತಾಗಲ್ವಾ?"

ಆಮೇಲೆ ಬರಿದಾದ ಚೆಂಬನ್ನು ಬೊಮ್ಮರಸನ ಕೈಯಲ್ಲಿಟ್ಟಳು.

"ಇದು ನಿಮ್ದು. ತಕೊಳ್ಳಿ."